ಅತ್ತೆಯ ಗಡ್ಡೆ ಇನ್ನೂ ಹೊರಟಿಲ್ಲ

ಮಾರ್ಚ್ 3, ಬೆಳಿಗ್ಗೆ 7
ಎದ್ದದ್ದೇ ಲ್ಯಾಬ್. ಇನ್‌ಕ್ಯುಬೇಟರ್ ನೋಡಿದ್ದಾಯಿತು. ಹನ್ನೆರಡು ಗಡ್ಡೆಗಳು, ಗುಂಡುಸೂಜಿಯ ತಲೆಯಷ್ಟು, ಸುತ್ತ ನಾವೇ ಬೆಳೆಸಿದ ರಕ್ತನಾಳ. ತೂಕವಿಲ್ಲದ ಕಡೆ, ಬಾಹ್ಯಾಕಾಶದಲ್ಲಿ, ಕ್ಯಾನ್ಸರ್ ಹೇಗೆ ಹರಡುತ್ತದೆ ಎಂದು ನೋಡಲು ಇಷ್ಟೆಲ್ಲ ಒದ್ದಾಟ. ಜೀವಕೋಶ ಅತ್ತೆಯದು, ಆಪರೇಷನ್ನಿನಲ್ಲಿ ತೆಗೆದದ್ದು. ಹೆಸರು ಗುಟ್ಟು, ನಂಬರ್ ಮಾತ್ರ ಎಂದು ನಿಯಮ. ಅತ್ತೆ ಇಡೀ ಬೀದಿಗೆ ಡಂಗುರ ಸಾರಿದ್ದಾರೆ. "ನಾನು ವಿಮಾನ ಹತ್ತಿದವಳಲ್ಲ. ನನ್ನ ಗಡ್ಡೆಗೆ ನೋಡು, ಆಕಾಶಕ್ಕೇ ಟಿಕೆಟ್ಟು!"
ರಾಕೆಟ್ ನಾಳಿದ್ದು.

ಮಾರ್ಚ್ 5
ಇಲ್ಲ. ಜೋರು ಗಾಳಿಯಂತೆ.

ಮಾರ್ಚ್ 12
ಇಲ್ಲ. ರಾಕೆಟ್ಟಿನ ವಾಲ್ವ್ ಕೆಟ್ಟಿತಂತೆ. ಗಡ್ಡೆಗಳ ಆಯಸ್ಸು ಒಂಬತ್ತು ದಿನ. ಆಮೇಲೆ ಒಳಗಿಂದಲೇ ಸಾಯುತ್ತವೆ, ಪ್ರಯೋಗಕ್ಕೆ ಬಾರವು. ಬ್ಲೀಚ್ ಸುರಿದು ಎಸೆದೆ. ಮತ್ತೆ ಬೆಳೆಸಲು ಮೂರು ವಾರ. "ತಾಳ್ಮೆ ಇರಲಿ" ಎಂದರು ಬಾಸ್. ತಾಳ್ಮೆಯಂತೆ!

ಏಪ್ರಿಲ್ 9
ಮತ್ತೆ ಮುಂದಕ್ಕೆ. ಈ ಸಲ ಕಾರಣ ಹೇಳುವ ಸೌಜನ್ಯವೂ ಇಲ್ಲ. ಅತ್ತೆಯ ಫೋನು.
"ಹೊರಟ್ನಾ ನಾನು?"
"ಇಲ್ಲ ಅತ್ತೆ. ಎಸೀಬೇಕಾಯ್ತು."
"ಮತ್ತೆ ಎಸೆದ್ಯಾ? ನಿಮ್ಮ ರಾಕೆಟ್‌ಗಿಂತ ನನ್ನ ಮಗನೇ ವಾಸಿ ಕಣೇ, ಬೇಗ ರೆಡಿ ಆಗ್ತಾನೆ!"

ಮೇ 2
ಅತ್ತೆಯ ಸ್ಕ್ಯಾನ್ ಬಂತು. ಲಿವರ್‌ಗೆ ಹರಡಿದೆ. ಅದಕ್ಕೆ ಗಾಳಿಯೂ ಅಡ್ಡ ಬರಲಿಲ್ಲ, ವಾಲ್ವೂ ಬರಲಿಲ್ಲ. ಅಳು, ಸಿಟ್ಟು ಎರಡೂ.

ಮೇ 6
ಮೂರನೇ ಸಲದ್ದೂ ಎಸೆದಾಯಿತು. ಶೇಖರಿಸಿಟ್ಟ ಜೀವಕೋಶವೂ ಖಾಲಿ. ಬಾಸ್ ಗಂಟಲು ಸರಿಮಾಡಿಕೊಂಡು, "ಲಿವರ್‌ನಿಂದ ಹೊಸ ಸ್ಯಾಂಪಲ್... ನೀವೇ ಕೇಳಿದ್ರೆ..." ಉರಿಯುವ ಮನೆಯಲ್ಲಿ ಗಳ ಹಿರಿಯುವುದೆಂದರೆ ಇದೇ. ಮೈಯೆಲ್ಲ ಉರಿಯಿತು. ಆದರೂ ಸಂಜೆ ಹೋಗಿ ಅತ್ತೆಯನ್ನು ಕೇಳಿದೆ. ನಾನೇನು ಕಡಿಮೆಯವಳೆ?
"ಇದ್ರಿಂದ ನಂಗೇನಾದ್ರೂ ಉಪಯೋಗ ಇದ್ಯಾ?" ಎಂದರು.
"ನಿಮಗಿಲ್ಲ ಅತ್ತೆ."
ಹೊಟ್ಟೆಯ ಬಲಗಡೆ ಬೆರಳಿಟ್ಟು ತೋರಿಸಿದರು. "ಚುಚ್ಚಲಿ ಬಿಡು. ಈ ಸಲ ಮಾತ್ರ ಎಸೀಬೇಡ."

ಜೂನ್ 14, ಸಂಜೆ 5
ಲಿವರ್ ಸ್ಯಾಂಪಲ್ಲಿನಿಂದ ಬೆಳೆಸಿದ ಗಡ್ಡೆಗಳಿಗೆ ಇಂದು ಒಂಬತ್ತನೇ ದಿನ. ಎರಡು ಗಂಟೆಗೆ ಮೆಸೇಜು — ಉಡಾವಣೆ ಇನ್ನೊಂದು ವಾರ ಮುಂದಕ್ಕೆ. ಹಾಳಾಗಿ ಹೋಗಲಿ. ಅತ್ತೆ ನಾಲ್ಕು ದಿನದಿಂದ ಆಸ್ಪತ್ರೆಯಲ್ಲಿ. ಈಗಷ್ಟೇ ಗಂಡ ಫೋನ್ ಮಾಡಿ ಅವರ ಕಿವಿಗಿಟ್ಟ. ಕ್ಷೀಣ ದನಿ, ಆದರೂ ಕೇಳಿಯೇ ಕೇಳಿದರು. ಹೊರಟಿತು ಎಂದುಬಿಟ್ಟೆ. ಹೇಗೆ ಬಾಯಿ ಬಂತೋ. ನಕ್ಕರು. ಮಗನಿಗೆ ಹೇಳುವುದು ಕೇಳಿಸಿತು, "ಮಂಚಾನ ಕಿಟಕಿ ಹತ್ರ ಎಳೆಯೋ. ಹೋಗೋದು ಕಾಣುತ್ತೇನೋ."
ಅಲ್ಲಿ ಮಂಚ ಎಳೆಯುತ್ತಿರುತ್ತಾರೆ. ಇಲ್ಲಿ ನಾನು ಬ್ಲೀಚ್ ಬಾಟಲಿಯ ಮುಚ್ಚಳ ತೆಗೆದು, ಹನ್ನೆರಡನ್ನೂ ಒಂದೊಂದಾಗಿ—