ನಿಂಬೆಹಣ್ಣಿಗೆ ನಿಂತ ಲಾರಿ

ಹಿರಿಯೂರು
ಅಕ್ಟೋಬರ್ ೩೩, ೨೨೦೮

ನಿಮ್ಮ ಕಾಲದಲ್ಲಿ ಲಾರಿ ಕಟ್ಟುವ, ಓಡಿಸುವ, ಅದಕ್ಕೆ ಹೂವಿನ ಹಾರ ಹಾಕುವ ಹಿರಿಯರಿಗೆಲ್ಲ ಪಾಲಮ್ಮನ ನಮಸ್ಕಾರಗಳು.

ದಿನಾಂಕ ನೋಡಿ ಇವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ಒಂದು ವರ್ಷ ಮಾರಾಟದ ಗುರಿ ಅಕ್ಟೋಬರ್ ತಿಂಗಳೊಳಗೆ ಮುಟ್ಟಲಿಲ್ಲವೆಂದು ನಮ್ಮ ಮದ್ದಾನೆ ಲಾರಿ ಕಂಪನಿ ನವೆಂಬರಿನಿಂದ ಮೂರು ದಿನ ಕಡ ತಂದಿತು, ಹಿಂದಿರುಗಿಸಲಿಲ್ಲ. ಊರೆಲ್ಲ ಕಂಪನಿಯ ಅನ್ನ ತಿನ್ನುವುದರಿಂದ ಯಾರೂ ಕೇಳಲಿಲ್ಲ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ, ಅರ್ಥ ಹೇಳುತ್ತಾ ಹೋಗುತ್ತೇನೆ.

ನಾನು ಅಪ್ಪಣೆಗಾರ್ತಿ. ನಮ್ಮ ಕಾಲದ ಲಾರಿಗಳಿಗೆ ಚಾಲಕರಿಲ್ಲ, ತಾವೇ ಓಡುತ್ತವೆ. ಆದರೆ ಅಂಥ ಮೊದಲ ಲಾರಿ ಕಾರ್ಖಾನೆಯಿಂದ ಹೊರಡಬೇಕಿದ್ದ ಆಯುಧಪೂಜೆಯ ದಿನ ಚಕ್ರದಡಿ ನಿಂಬೆಹಣ್ಣಿಟ್ಟರೆ, ಮುಂದೆ ಅಡ್ಡಿಯಿದೆ ಎಂದು ಅದು ಕದಲಲೇ ಇಲ್ಲವಂತೆ. ಹಣ್ಣು ತೆಗೆಯಿರಿ ಎಂದರು ಎಂಜಿನಿಯರುಗಳು. ಹಣ್ಣು ತುಳಿಯದ ಲಾರಿ ಗೇಟು ದಾಟಬಾರದು ಎಂದು ಕೆಲಸಗಾರರು ಹಟ ಹಿಡಿದರು. ಕೊನೆಗೆ ನನ್ನ ಮುತ್ತಜ್ಜಿ ಹೊನ್ನೂರಮ್ಮ ಮೇಲೆ ಹತ್ತಿ ಕೂತು, "ನಡಿಯಪ್ಪಾ, ನಾನಿದೀನಿ" ಎಂದು ಅಪ್ಪಣೆಯ ಗುಂಡಿ ಒತ್ತಿದಳು. ಲಾರಿ ಹೊರಟಿತು. ಅಂದಿನಿಂದ ಪ್ರತಿ ಮದ್ದಾನೆಯಲ್ಲೂ ಒಂದು ಸೀಟು, ಆ ಸೀಟಿನಲ್ಲಿ ನಮ್ಮೂರಿನ ಒಬ್ಬರು ಎಂದು ಕಂಪನಿ ಮಾತು ಕೊಟ್ಟಿತು.

ನಮ್ಮ ಕೆಲಸ ಸಣ್ಣದು. ರಸ್ತೆಯ ಮೇಲೆ ಒಕ್ಕಣೆಗೆ ಹುರುಳಿ ಹರವಿದ್ದರೆ ಲಾರಿ ಅನುಮಾನಿಸಿ ನಿಲ್ಲುತ್ತದೆ. ಇಳಿದುಹೋಗಿ, ಸೊಪ್ಪಿನಡಿ ಯಾರೂ ಮಲಗಿಲ್ಲವೆಂದು ಕೈಯಾಡಿಸಿ ನೋಡಿ, ಹೂಂ ಎನ್ನುತ್ತೇವೆ. ಕುರಿಮಂದೆ ದಾಟಿದ ಮೇಲೂ ಹಿಂದೊಂದು ಕುಂಟುಮರಿ ಇರಬಹುದೆಂದು ಕಾಯುತ್ತೇವೆ. ಉಳಿದ ಹೊತ್ತು ಎಲೆಯಡಿಕೆ, ನಿದ್ದೆ, ಹಿಂದಿನ ಲಾರಿಯವರ ಜೊತೆ ಹರಟೆ. ಬಿಟ್ಟಿ ಕೂಳು ಎಂದು ಹೊರಗಿನವರು ಹಂಗಿಸುವುದುಂಟು. ಹಂಗಿಸಲಿ, ನಮ್ಮೂರಿನ ಒಲೆ ಉರಿಯುವುದು ಆ ಸೀಟಿನಿಂದಲೇ.

ಪ್ರತಿ ಆಯುಧಪೂಜೆಗೆ ಕಾರ್ಖಾನೆಯ ಅಂಗಳದಲ್ಲಿ ವರ್ಷದ ವರದಿ ಓದುತ್ತಾರೆ. ಎಷ್ಟು ಲಾರಿ ಹೋದವು, ಲಾಭವೆಷ್ಟು, ಬರುವ ವರ್ಷಕ್ಕೆ ಏನು ಯೋಜನೆ ಎಂಬುದೆಲ್ಲ ಅದರಲ್ಲಿರುತ್ತದೆ. ನಾವು ಮಂಡಕ್ಕಿ, ಮಿರ್ಚಿಯ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಕೇಳುತ್ತೇವೆ. ಕೊನೆಯ ಸಾಲು ಓದುವವರೆಗೆ ಯಾರೂ ಪೊಟ್ಟಣ ಬಿಚ್ಚುವಂತಿಲ್ಲ. ಮುತ್ತಜ್ಜಿಯ ಕಾಲದಿಂದ ಆ ಸಾಲು ಬದಲಾಗಿಲ್ಲ: 'ಬರುವ ವರ್ಷವೂ ಸೀಟು ಖಾಲಿ ಇರುವುದಿಲ್ಲ.' ಮಿರ್ಚಿ ತಣ್ಣಗಾಯಿತೆಂದು ಮಕ್ಕಳು ಗೊಣಗುತ್ತವೆ.

ಈ ಸಲ ಓದಿದವಳು ನನ್ನ ಒಡಹುಟ್ಟಿದ ಅಕ್ಕ ಮಾರಕ್ಕ. ನನ್ನ ಜೊತೆಯೇ ಸೀಟು ಹತ್ತಿ ಕೆಲಸ ಕಲಿತವಳು, ಈಗ ಕಂಪನಿಯ ಮುಖ್ಯಸ್ಥೆ. ಹೋದ ವರ್ಷ ಮನೆಗೆ ಬಂದು ಮುದ್ದೆ ಉಣ್ಣುತ್ತಾ, "ಹೊಸಬ್ರಿಗೆ ಕಲಿಸ್ಬೇಕು ಕಣೇ ಪಾಲಿ. ಯಾವ್ದಕ್ಕೆ ನಿಲ್ಲಿಸ್ತೀಯ, ಯಾವ್ದಕ್ಕೆ ಬಿಡ್ತೀಯ, ಎಲ್ಲಾ ಹೇಳು" ಎಂದಳು. ಹೇಳಿದೆ. ವಾರವಾರವೂ ಬಂದಳು, ನನ್ನ ಮಾತನ್ನೆಲ್ಲ ಧ್ವನಿಮುದ್ರಿಸಿಕೊಂಡಳು. ಅಕ್ಕ ಬಂದಳೆಂಬ ಖುಷಿಗೆ ಪ್ರತಿ ಸಲವೂ ಉಪ್ಪಿನಕಾಯಿ ಕಟ್ಟಿಕೊಟ್ಟೆ.

ನಿನ್ನೆ ಅವಳು ವರದಿ ಓದಿದಳು. ಮಾರಾಟ ದುಪ್ಪಟ್ಟಾಗಿದೆ, ಲಾಭ ಹಿಂದೆಂದೂ ಕಾಣದಷ್ಟು ಬಂದಿದೆ ಎಂದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನು. ಆಮೇಲೆ ಯೋಜನೆ. ಹೊಸ ಮಾದರಿಯ ಹೆಸರು ನಿರಾಸನ, ಅಂದರೆ ಸೀಟಿಲ್ಲದ್ದು. ನಿಂಬೆಹಣ್ಣಿನ ದೋಷ ಬಗೆಹರಿದಿದೆ, ಇನ್ನು ಲಾರಿ ತನಗೆ ತಾನೇ ಅಪ್ಪಣೆ ಕೊಟ್ಟುಕೊಳ್ಳುತ್ತದೆ ಎಂದು ಓದಿದಳು. ಹಣ್ಣಿಟ್ಟರು. ಒಳಗೆ ಯಾರೂ ಇಲ್ಲದ ಆ ಲಾರಿ "ಹೂಂ, ನಡಿಯಪ್ಪಾ" ಎಂದು ಹಣ್ಣು ತುಳಿದು ಹೋಯಿತು. ದನಿ ನನ್ನದು.

ನಂಬಿಸಿ ಕುತ್ತಿಗೆ ಕೊಯ್ಯುವುದು ಎನ್ನುತ್ತಾರಲ್ಲ, ಅದು ಹೇಗಿರುತ್ತದೆಂದು ನಿನ್ನೆ ಗೊತ್ತಾಯಿತು. ಹೊರಗಿನವರು ಮಾಡಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದಿದೆ, ಯಾರಿಗೆ ಹೇಳಲಿ? ಎದ್ದುಹೋಗಿ ಎರಡನೆಯ ಲಾರಿಯ ಮುಂದೆ ನನ್ನ ಚಪ್ಪಲಿ ಬಿಟ್ಟೆ. ಅದನ್ನೂ ತುಳಿಯಿತು.

"ಚಪ್ಪಲಿ ಒಳ್ಗೆ ಕಾಲಿಲ್ಲ ಅಂತ ಅದ್ಕೆ ಗೊತ್ತು ಕಣೇ" ಎಂದಳು ಅಕ್ಕ, ನನ್ನ ಮುಖ ನೋಡದೆ.

ನನಗೂ ಗೊತ್ತಿರುತ್ತಿತ್ತು. ಆದರೂ ಇಳಿದು ನೋಡುತ್ತಿದ್ದೆ. ಮಾರಕ್ಕನಿಗೆ ಎಲ್ಲ ಹೇಳಿದ ನಾನು ಇಳಿಯುವುದೊಂದನ್ನು ಹೇಳಿರಲಿಲ್ಲ. ಜೊತೆಗೆ ಇಳಿದು ಹುರುಳಿ ಸೊಪ್ಪು ಕೆದಕಿದವಳಿಗೆ ಅದನ್ನೇನು ಹೇಳುವುದು ಎಂದುಕೊಂಡಿದ್ದೆ. ಈಗ ಆ ಲಾರಿಗಳು ನನ್ನ ದನಿಯಲ್ಲೇ ಹೂಂ ಎನ್ನುತ್ತಾ ಊರೂರು ತಿರುಗುತ್ತವೆ. ಇಳಿದು ನೋಡುವವರು ಮಾತ್ರ ಯಾರೂ ಇಲ್ಲ.

ಕೊನೆಯ ಸಾಲನ್ನು ಅವಳು ಓದಲಿಲ್ಲ. ವಂದನೆ ಹೇಳಿ ಕೂತುಬಿಟ್ಟಳು. ಪೊಟ್ಟಣ ಬಿಚ್ಚಬೇಕೋ ಬೇಡವೋ ತಿಳಿಯದೆ ಜನ ಹಾಗೇ ಎತ್ತಿಕೊಂಡು ಮನೆಗೆ ಹೋದರು. ನನ್ನದು ಬಿಚ್ಚದೆ ಈ ಕಾಗದದ ಪಕ್ಕದಲ್ಲೇ ಇದೆ, ಮಂಡಕ್ಕಿ ಮೆತ್ತಗಾಗಿದೆ.

ಹಿರಿಯರೇ, ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ಲಾರಿಗಳಲ್ಲಿ ಇನ್ನೂ ಸೀಟಿದೆ, ಸೀಟಿನಲ್ಲಿ ಮನುಷ್ಯರಿದ್ದಾರೆ. ಸೀಟು ಖಾಲಿ ಇರುವುದಿಲ್ಲ ಎಂಬ ಆ ಸಾಲು ನಿಮ್ಮ ಬಾಯಲ್ಲಿ ಸುಳ್ಳಾಗುವುದಿಲ್ಲ. ಈ ಸಲ ಚಕ್ರಕ್ಕೆ ನಿಂಬೆಹಣ್ಣಿಡುವಾಗ ಯಾರಾದರೊಬ್ಬರು ಅದನ್ನು ಗಟ್ಟಿಯಾಗಿ ಓದಿಬಿಡಿ. ನನಗೆ ಹಸಿವಾಗಿದೆ.

ಪಾಲಮ್ಮ