ಕಪ್ಪೆಯ ಬಿಳಿ ಉಂಗುರ

ಸೋಮವಾರ, ಫೆಬ್ರವರಿ 5, 2018

ಸೋಮವಾರದ ಉಪವಾಸ. ನಾಲ್ಕಕ್ಕೆ ಮುಂಚೆ ಎದ್ದು ನಿನ್ನೆಯ ಅನ್ನ, ಎರಡು ತುಂಡು ಕರಿದ ಸೋಯಾ ತೆಂಪೆ ತಿಂದೆ. ನಮಾಜ್ ಮುಗಿಸಿ ಅಂಗಳ ಗುಡಿಸಿದೆ. ಕೋಳಿಗೆ ನುಚ್ಚು ಹಾಕಿದೆ. ಬಿಳಿ ಕೋಳಿ ಮತ್ತೆ ಪಕ್ಕದವರ ಬೇಲಿಯೊಳಗೆ ಮೊಟ್ಟೆ ಇಟ್ಟಿದೆ. ಕೇಳಿದರೆ ನಮ್ಮ ಬೇಲಿ, ನಮ್ಮ ಮೊಟ್ಟೆ ಅನ್ನುತ್ತಾರೆ. ಸುಮ್ಮನಾದೆ. ಉಪವಾಸದ ದಿನ ಮೊಟ್ಟೆಗೆ ಜಗಳ ಬೇಡ.

ಏಳಕ್ಕೆ ಆಸ್ಪತ್ರೆ. ಶನಿವಾರದ ಸಾಮಾನು ತೊಳೆದೆ — ಕತ್ತರಿ, ಚಿಮಟ, ಇಕ್ಕಳ, ಮೂರು ಕಪ್ಪೆ. ಹರ್ಜೊನೊ ಡಾಕ್ಟರು ಹನ್ನೆರಡು ವರ್ಷ ತಲೆ ಕೆಡಿಸಿಕೊಂಡು ಮಾಡಿದ ಯಂತ್ರಕ್ಕೆ ಕಾಗದದಲ್ಲಿ ಉದ್ದ ಹೆಸರಿದೆ. ಯಾರಿಗೂ ನಾಲಿಗೆ ಹೊರಳುವುದಿಲ್ಲ. ಚರ್ಮದ ಮೇಲೆ ಕೂತಾಗ ಕಪ್ಪೆ ಹಾಗೇ ಕಾಣುತ್ತದೆ, ಅದಕ್ಕೇ ಕಪ್ಪೆ. ಎರಡು ಕಡೆ ಹಲ್ಲು, ನಡುವೆ ತಿರುಪು. ಸುಟ್ಟ ಕಲೆ ಕತ್ತರಿಸಿ ತೆಗೆದ ಮೇಲೆ ಅಕ್ಕಪಕ್ಕದ ಒಳ್ಳೆ ಚರ್ಮ ಹಿಡಿದು ದಿನಾ ಒಂಚೂರು ಎಳೆಯುತ್ತದೆ. ತೊಡೆಯ ಚರ್ಮ ಸುಲಿದು ತಂದು ಅಂಟಿಸುವ ಕಷ್ಟ ಇಲ್ಲ.

ಒಬ್ಬರಿಗೆ ಒಂದೇ ಕಪ್ಪೆ ಅಂತ ನಿಯಮ. ಆದರೆ ಇರುವುದೇ ಏಳು. "ಒಂದ್ಸಲ ಹಾಕಿ ಬಿಸಾಕು ಅಂದ್ರೆ ಸುಟ್ಕೊಂಡು ಬಂದೋರಿಗೆ ಏನ್ ಹೇಳ್ಲಿ ಬು? ತೊಳೆದಿಡಿ" ಅಂದಿದ್ದರು ಡಾಕ್ಟರು. ನನ್ನಂಥ ಹೆಂಗಸರನ್ನು ಅವರು ಬು, ಅಮ್ಮ ಅಂತಲೇ ಕರೆಯುವುದು. ನೀಲಿ ದ್ರಾವಣದಲ್ಲಿ ಹನ್ನೆರಡು ಗಂಟೆ ನೆನೆಸಬೇಕು, ಆವಿಗೆ ಇಡಬಾರದು. ಅಷ್ಟೇ.

ನಾನು ಅಷ್ಟಕ್ಕೇ ಬಿಡುವುದಿಲ್ಲ. ರಕ್ತ ತಾಗಿದ ಸಾಮಾನು ಬರೀ ನೀಲಿ ನೀರಲ್ಲಿ ಮುಳುಗಿದರೆ ಶುದ್ಧ ಆಗುತ್ತದೆಯೇ? ನಿಂತ ನೀರು ಅದು. ಹರಿಯುವ ನೀರಲ್ಲಿ ಮೂರು ಸಲ ಹಿಡಿದು, ಬಿಸ್ಮಿಲ್ಲಾ ಹೇಳಿ, ಕತ್ತರಿಗಳ ಜೊತೆ ಆವಿ ಪೆಟ್ಟಿಗೆಗೂ ಇಡುತ್ತೇನೆ. ಒಬ್ಬರ ರಕ್ತ ಇನ್ನೊಬ್ಬರ ಮೈಗೆ ಹೋಗಬಾರದು. ಡಾಕ್ಟರಿಗೆ ಹೇಳಿಲ್ಲ. ಹೇಳುವಂಥದ್ದೇನಿದೆ.

ಗುರುವಾರ, ಫೆಬ್ರವರಿ 8

ಉಪವಾಸ. ಲಿಂತಾಂಗ್ ಅನ್ನುವ ಹುಡುಗಿಗೆ ಇವತ್ತು ಕಪ್ಪೆ ಕೂರಿಸಿದರು. ಎಂಟು ವರ್ಷ. ಹೋದ ವರ್ಷ ಕಾದ ಎಣ್ಣೆ ಬಾಣಲೆ ಮೈಮೇಲೆ ಮಗುಚಿಕೊಂಡಿತ್ತು. ಗದ್ದ ಎದೆಗೆ ಅಂಟಿಹೋಗಿತ್ತು. ಆಕಾಶ ನೋಡಬೇಕಾದರೆ ನೆಲದ ಮೇಲೆ ಮಲಗುತ್ತಿತ್ತಂತೆ ಮಗು.

ತಾಯಿ ಸುಮಿಯಾತಿ. ಸಂತೆಯಲ್ಲಿ ಬಾಳೆಹಣ್ಣಿನ ಬಜ್ಜಿ ಕರಿದು ಮಾರುವವಳು. ಡಾಕ್ಟರು ತಾವೇ ಕೂತು ಅವಳಿಗೆ ತಿರುಪು ತೋರಿಸಿದರು.

"ದಿನಾ ಬೆಳಿಗ್ಗೆ ಒಂದ್ಸಲ ತಿರುಗಿಸಿ. ಟಕ್ ಅನ್ನುತ್ತೆ, ಅಲ್ಲೇ ನಿಲ್ಲುತ್ತೆ. ಒಳಗೆ ಒಂದು ಬಿಳಿ ಉಂಗುರ ಇದೆ, ಅದು ಮುಂದಕ್ಕೆ ಬಿಡಲ್ಲ."

"ನನ್ನ ಕೈ ಒರಟು ಡಾಕ್ಟ್ರೇ. ಬಾಣಲೆ ಹಿಡಿಯೋ ಕೈ."

"ಆನೆ ತಿರುಗಿಸಿದ್ರೂ ಒಂದೇ ಟಕ್ಕು. ಹಾಗೆ ಮಾಡಿದೀನಿ."

ನರ್ಸ್ ಎಂದಾಹ್ ನಕ್ಕಳು. "ಆನೆ ಬಂದ್ರೆ ಚೀಟಿ ಬರೆಯೋಳು ನಾನೇ."

ಮಗು ಕೇಳಿತು, "ಹಬ್ಬದ ಹೊತ್ತಿಗೆ ಕತ್ತು ಎತ್ತಬಹುದಾ?" ಡಾಕ್ಟರು ಅಂದರು, "ಹಬ್ಬದ ದಿನ ಚಂದ್ರನ್ನ ಮೊದಲು ನೋಡೋಳು ನೀನೇ ಮಗಳೇ."

ನನ್ನ ಸೀಳುತುಟಿ ಹೊಲಿದ ಕೈ ಅದು. ಇಪ್ಪತ್ತಾರು ವರ್ಷ ಆಯಿತು. ಊರಿನ ಶಾಲೆಯಲ್ಲಿ ಎರಡು ಬೆಂಚು ಸೇರಿಸಿ ಮಲಗಿಸಿದ್ದರು. ಆಗ ಅವರಿಗೆ ಮೀಸೆ ಕೂಡ ಸರಿಯಾಗಿ ಇರಲಿಲ್ಲ. ಅಲ್ಲಿಯವರೆಗೆ ಊರಿಗೆ ನಾನು ಮೊಲ. ಕನ್ನಡಿ ಕೊಟ್ಟಾಗ ಬೇರೆ ಯಾರದೋ ಮುಖ ಅಂತ ಹಿಂದೆ ತಿರುಗಿ ನೋಡಿದ್ದೆ. ಆ ಮಾತು ಹೇಳಿ ಡಾಕ್ಟರು ಈಗಲೂ ನಗುತ್ತಾರೆ.

ಸೋಮವಾರ, ಫೆಬ್ರವರಿ 19

ಮಗು ವಾಪಸ್ ಬಂದಿದೆ. ಜ್ವರ. ಪಟ್ಟಿ ಬಿಚ್ಚಿದಾಗ ನಾನೂ ಅಲ್ಲೇ ಇದ್ದೆ, ತಟ್ಟೆ ಹಿಡಿದು. ಕಪ್ಪೆಯ ಎರಡೂ ಪಕ್ಕ ಚರ್ಮ ಕಪ್ಪಗೆ. ಹಲಸಿನ ಹಣ್ಣು ಕೊಳೆತ ವಾಸನೆ.

ಡಾಕ್ಟರು ತಿರುಪು ನೋಡಿದರು. ನಾಲ್ಕು ವಾರಕ್ಕೆ ಬರಬೇಕಾದಲ್ಲಿಗೆ ಹನ್ನೊಂದೇ ದಿನಕ್ಕೆ ಬಂದುಬಿಟ್ಟಿದೆ.

"ಎಷ್ಟು ತಿರುಗಿಸಿದೆ ದಿನಕ್ಕೆ?"

"ಒಂದೇ ಡಾಕ್ಟ್ರೇ. ನೀವು ಹೇಳಿದ ಹಾಗೆ. ಟಕ್ ಅನ್ನೋ ತನಕ."

"ಒಂದೇ ಆದ್ರೆ ಇಲ್ಲಿಗೆ ಬರಲ್ಲಮ್ಮ. ಹಬ್ಬಕ್ಕೆ ಬೇಗ ಆಗ್ಲಿ ಅಂತ ಎರಡು ಮೂರು ತಿರುಗಿಸಿದೀಯ."

"ಇಲ್ಲ."

"ನನ್ನ ಯಂತ್ರ ಸುಳ್ಳು ಹೇಳುತ್ತಾ?"

ಅವಳು ತನ್ನ ಕೈ ನೋಡಿಕೊಂಡಳು. ಸಂಜೆ ನನಗೆ ಖರ್ಜೂರ, ನೀರು ಅಷ್ಟೇ ಇಳಿಯಿತು.

ಗುರುವಾರ, ಫೆಬ್ರವರಿ 22

ಉಪವಾಸ. ಜ್ವರ ಇಳಿದಿಲ್ಲ. ಸುರಾಬಾಯದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಆಂಬುಲೆನ್ಸಿಗೆ ಎತ್ತುವಾಗ ಮಗುವಿನ ಮುಖ ಮೇಲಕ್ಕಿತ್ತು. ಮೋಡ ನೋಡುತ್ತಿತ್ತು.

ಗುರುವಾರ, ಮಾರ್ಚ್ 1

ಮಗು ಭಾನುವಾರ ಹೋಯಿತಂತೆ. ನಂಜು ರಕ್ತಕ್ಕೆ ಏರಿತ್ತು. ಅಲ್ಲಾಹನವರು ನಾವು, ಅವನ ಕಡೆಗೇ ಮರಳುವುದು.

ನಾಲ್ಕು ದಿನ ಬರೆಯಲು ಕೂತೆ. ಆಗಲಿಲ್ಲ.

ಶನಿವಾರ, ಮಾರ್ಚ್ 3

ಏಳನೇ ದಿನದ ಪ್ರಾರ್ಥನೆಗೆ ಹೋಗಿದ್ದೆ. ಚಾಪೆ ಹಾಸಿ ಗಂಡಸರು ಕುರಾನಿನ ಯಾಸೀನ್ ಓದಿದರು. ಹೆಂಗಸರು ಒಳಗೆ ಅನ್ನದ ಪೊಟ್ಟಣ ಕಟ್ಟುತ್ತಿದ್ದೆವು. ಸುಮಿಯಾತಿ ಪೊಟ್ಟಣ ಹಂಚಿದಳು — ಎಡಗೈಯಲ್ಲಿ. ಬಲಗೈ ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

ನೆರೆಮನೆ ಮುದುಕಿ ಅಂದಳು, "ಏನೇ ಇದು, ಸತ್ತವರ ಹೆಸರಿನ ಅನ್ನ ಎಡಗೈಲಿ ಕೊಡ್ತೀಯಾ? ನಿಮ್ಮವ್ವ ಕಲಿಸಿದ್ದು ಇದೇನಾ?"

"ಬಲಗೈ ಬೇಡ ಅಜ್ಜಿ. ಅದು ತಿರುಗಿಸಿದ ಕೈ."

ಆಮೇಲೆ ಸುಮಿಯಾತಿ ನನ್ನ ಪಕ್ಕ ಬಂದು ಕೂತಳು. "ಬು, ನೀವು ಆಸ್ಪತ್ರೆಯವರು. ನಂಗೆ ಒಂದೇ ಸಲ ಅಂತ ನೆನಪು. ಆದ್ರೆ ಡಾಕ್ಟ್ರು ಸುಳ್ಳು ಹೇಳ್ತಾರಾ? ದಿನಾ ನಿದ್ದೆಗಣ್ಣು. ಮರೆತು ಇನ್ನೊಂದ್ಸಲ ತಿರುಗಿಸಿದ್ನೇನೋ. ತಿರುಗಿಸಿರ್ತೀನಿ."

ಅವಳ ತಮ್ಮ ಪರ್ವೊತೊ, ಬೈಕಿನಲ್ಲಿ ಬಾಡಿಗೆಗೆ ಜನ ಕೂರಿಸಿಕೊಂಡು ಹೋಗುವವನು, ನನ್ನನ್ನು ಮನೆಗೆ ಬಿಟ್ಟ. ದಾರಿಯಲ್ಲಿ ಕೇಳಿದ, "ಅಕ್ಕ ಹಾಗೆ ಮಾಡೋಳಲ್ಲ ಬು. ಬಜ್ಜಿ ಹಿಟ್ಟಿಗೆ ಉಪ್ಪು ಹಾಕಿದೀನಾ ಅಂತ ಮೂರು ಸಲ ಕೇಳೋಳು. ಆ ಯಂತ್ರ ಕೆಟ್ಟಿರಬಹುದಲ್ವಾ?"

ಗೊತ್ತಿಲ್ಲಪ್ಪ ಅಂದೆ. ನನಗೆ ನಿಜಕ್ಕೂ ಗೊತ್ತಿಲ್ಲ.

ಸೋಮವಾರ, ಮಾರ್ಚ್ 5

ಉಪವಾಸ ಹಿಡಿದೆ. ಹಿಡಿಯುವ ಯೋಗ್ಯತೆ ಇದೆಯೋ ಇಲ್ಲವೋ.

ಬೆಳಿಗ್ಗೆ ತೊಳೆಯುವ ಕೋಣೆಯಲ್ಲಿ ಯಾರೂ ಇರಲಿಲ್ಲ. ಕಪಾಟಿನ ಕಪ್ಪೆ ತೆಗೆದು ತಿರುಗಿಸಿದೆ. ಟಕ್ ಅಂತು. ನಿಲ್ಲಲಿಲ್ಲ. ಬೆರಳಿಗೆ ತಡೆಯೇ ಸಿಗಲಿಲ್ಲ. ತಿರುಪು ಜಾರಿ ಮುಂದೆ ಹೋಯಿತು — ಒಂದಕ್ಕೆ ಎರಡೂವರೆ ಪಾಲು. ಸದ್ದು ಮಾತ್ರ ಒಂದೇ. ಇನ್ನೊಂದು ತೆಗೆದೆ. ಅದೂ ಹಾಗೇ.

ಡಬ್ಬಿಯಿಂದ ಬಿಚ್ಚದ ಹೊಸ ಕಪ್ಪೆ ಒಂದಿತ್ತು. ತಿರುಗಿಸಿದೆ. ಟಕ್. ನಿಂತಿತು. ಎರಡೂ ಕೈ ಹಾಕಿದರೂ ಅಲ್ಲಾಡಲಿಲ್ಲ.

ಹಳೆಯದನ್ನು ಬಿಚ್ಚಿ ನೋಡಿದೆ. ಬಿಳಿ ಉಂಗುರ ಬಿಳಿಯಾಗಿರಲಿಲ್ಲ. ಹಳದಿ. ಅಂಚು ಕರಗಿ ಬಾಗಿತ್ತು, ಒಲೆ ಪಕ್ಕ ಇಟ್ಟ ಬಾಚಣಿಗೆ ಹಾಗೆ.

ನೀಲಿ ನೀರಿಗೆ ಪ್ಲಾಸ್ಟಿಕ್ ಕರಗುವುದಿಲ್ಲ. ಆವಿಗೆ ಕರಗುತ್ತದೆ.

ಪ್ರತಿ ಸಲ ಬಿಸ್ಮಿಲ್ಲಾ ಹೇಳಿಯೇ ಇಟ್ಟಿದ್ದೆ.

ಗುರುವಾರ, ಮಾರ್ಚ್ 8

ಮೂರು ದಿನ ಬೇಕಾಯಿತು ಡಾಕ್ಟರ ಬಾಗಿಲು ತಟ್ಟಲು. ಎರಡೂ ಉಂಗುರ ಮೇಜಿನ ಮೇಲಿಟ್ಟೆ — ಹೊಸದು, ಹಳೆಯದು. ಹೇಳಿದೆ.

"ಎಷ್ಟು ಸಲ ಇಟ್ರಿ ಆವಿಗೆ?"

"ಪ್ರತಿ ಸಲ."

"ಇಡಬೇಡಿ ಅಂದಿದ್ನಲ್ಲಾ."

"ಅಂದಿದ್ರಿ. ಯಾಕೆ ಅಂತ ಹೇಳಿರ್ಲಿಲ್ಲ. ನಾನೂ ಕೇಳಲಿಲ್ಲ. ರಕ್ತ ಅಲ್ವಾ ಅಂತ…"

ಡಾಕ್ಟರು ಹಳೆ ಉಂಗುರವನ್ನೇ ಉಗುರಿನಿಂದ ಕೆರೆದರು. "ಉಕ್ಕಿಂದೇ ಹಾಕೋಣ ಅಂತಿದ್ದೆ ಮೊದ್ಲು. ಮಕ್ಕಳ ಕತ್ತಿಗೆ ಭಾರ ಆಗುತ್ತೆ ಅಂತ ಬಿಟ್ಟೆ." ಆಮೇಲೆ ಎದ್ದು ಎಂದಾಹ್‌ಳನ್ನು ಕರೆದರು. ಕಪ್ಪೆ ಹಾಕಿಸಿಕೊಂಡು ಹೋಗಿದ್ದ ಇನ್ನಿಬ್ಬರನ್ನು ಇವತ್ತೇ ಕರೆಸಿ ತೆಗೆಸಿದರು. ಇಬ್ಬರ ಜೀವಕ್ಕೂ ಅಪಾಯ ಇಲ್ಲವಂತೆ. ಆ ಮಟ್ಟಿಗೆ ನಾನು ಬಾಯಿ ಬಿಟ್ಟದ್ದು ಒಳ್ಳೆಯದಾಯಿತು.

ಸಂಜೆ ಬಾಗಿಲು ಹಾಕಿ ಮತ್ತೆ ಕರೆದರು.

"ಇದು ನಮ್ಮಿಬ್ಬರ ಮಧ್ಯೆ ಇರ್ಲಿ ಬು. ನೀವು ಆವಿ ಅಂದ್ರೆ, ಎರಡನೇ ಸಲ ಯಾಕೆ ಬಳಸಿದ್ರಿ ಅಂತ ಕೇಳ್ತಾರೆ. ಒಬ್ಬರಿಗೆ ಒಂದೇ ಅಂತ ಸಹಿ ಹಾಕಿ ಕೊಟ್ಟವನು ನಾನು. ಯಂತ್ರ ಅಲ್ಲಿಗೇ ಸತ್ತುಹೋಗುತ್ತೆ. ಉಂಗುರ ಬದಲಾಯಿಸ್ತೀನಿ. ಉಕ್ಕಿಂದು ಹಾಕ್ತೀನಿ. ಎಷ್ಟು ಮಕ್ಕಳು ಕತ್ತು ಎತ್ತುತ್ತಾರೆ ಯೋಚಿಸಿ."

"ಆ ತಾಯಿ?"

"ಅವಳು ಹೇಗೂ ತಾನೇ ಮಾಡಿದ್ದು ಅಂತ ಒಪ್ಕೊಂಡಿದಾಳಲ್ಲ."

ಡಾಕ್ಟರು ನನ್ನ ತುಟಿ ನೋಡಿದರು. ತಾವು ಹಾಕಿದ ಹೊಲಿಗೆ ಹೇಗೆ ಕೂತಿದೆ ಅಂತ ನೋಡುವ ಹಾಗೆ. ಹಳೆ ಋಣ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಮನುಷ್ಯ ಅಲ್ಲ ಅವರು. ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ಗುರುವಾರ, ಮಾರ್ಚ್ 15

ಯಂತ್ರಕ್ಕೆ ಅನುಮತಿ ಕೊಡುವ ಮಂಡಳಿಯಿಂದ ಕಾಗದ. ಡಾಕ್ಟರಿಗೆ, ಎಂದಾಹ್‌ಗೆ, ನನಗೆ ಬೇರೆ ಬೇರೆ. ನನ್ನ ಹೆಸರು ಪೂರ್ತಿ ಟೈಪ್ ಮಾಡಿದ್ದಾರೆ. ಉಪಕರಣಗಳನ್ನು ಹೇಗೆ ಶುಚಿ ಮಾಡಿದಿರಿ, ಒಂದೊಂದನ್ನು ಎಷ್ಟು ಜನಕ್ಕೆ ಬಳಸಿದಿರಿ — ಏಪ್ರಿಲ್ ಹತ್ತರೊಳಗೆ ಲಿಖಿತ ಉತ್ತರ ಬೇಕು.

ಮಧ್ಯಾಹ್ನ ಎಂದಾಹ್ ಒಂದು ಹಾಳೆ ತಂದಳು. ಉತ್ತರ ಆಗಲೇ ಟೈಪ್ ಆಗಿತ್ತು. ದ್ರಾವಣದಲ್ಲಿ ಮಾತ್ರ, ಒಬ್ಬರಿಗೆ ಒಂದು ಮಾತ್ರ. ಕೆಳಗೆ ನನ್ನ ಹೆಸರು, ಸಹಿಗೆ ಜಾಗ.

"ಹಾಕಿಬಿಡಿ ಬು. ನೀವು ಆರನೇ ಕ್ಲಾಸು, ಬರೆಯೋ ಕಷ್ಟ ಯಾಕೆ ಅಂತ ಡಾಕ್ಟ್ರೇ ಬರೆಸಿದ್ರು."

"ಆರನೇ ಕ್ಲಾಸಲ್ಲಿ ಸುಳ್ಳು ಓದೋದಕ್ಕೂ ಕಲಿಸಿದ್ರು ಎಂದಾಹ್."

ಅವಳ ಮುಖ ಸಣ್ಣಗಾಯಿತು. "ನಂದು ಆಗಲೇ ಹಾಕಿದೀನಿ" ಅಂದಳು. ಅವಳಿಗೆ ಎರಡು ಸಣ್ಣ ಮಕ್ಕಳು. ಬೈಯಬಾರದಿತ್ತು.

ಹಾಳೆ ಕುರಾನ್ ಇಡುವ ಮಣೆಯ ಕೆಳಗೆ ಇಟ್ಟೆ. ಮೇಲೆ ಇಡಲು ಮನಸ್ಸು ಬರಲಿಲ್ಲ.

ಸೋಮವಾರ, ಮಾರ್ಚ್ 19

ಉಪವಾಸ. ಆಸ್ಪತ್ರೆ. ತೊಳೆದೆ.

ಸೋಮವಾರ, ಮಾರ್ಚ್ 26

ಉಪವಾಸ. ಸೀಳುತುಟಿ ಶಿಬಿರ ಇತ್ತು. ಡಾಕ್ಟರು ಒಂಬತ್ತು ಮಕ್ಕಳ ತುಟಿ ಹೊಲಿದರು. ಐವತ್ತೇಳು ವರ್ಷಕ್ಕೂ ಕೈ ನಡುಗುವುದಿಲ್ಲ. ಒಂದು ಹಳ್ಳಿ ಹೆಂಗಸು ಮಗುವಿನ ಹೊಸ ಮುಖ ನೋಡಿ ಡಾಕ್ಟರ ಕೈಗೆ ಹಣೆ ಒತ್ತಿದಳು. ಆ ಕೈ ಕಳ್ಳ ಕೈ ಅಂತ ಬರೆಯುವವಳು ನಾನು. ನನ್ನ ಕೈ?

ಹೋಗುವಾಗ ಕೇಳಿದರು, "ಸಹಿ ಆಯ್ತಾ ಬು?" ಪೆನ್ನು ಸಿಗಲಿಲ್ಲ ಅಂದೆ. ಉಪವಾಸದ ಬಾಯಲ್ಲಿ ಸುಳ್ಳು. ತಮ್ಮ ಜೇಬಿನ ಪೆನ್ನು ಕೊಟ್ಟರು.

ಗುರುವಾರ, ಏಪ್ರಿಲ್ 5. ಸಂಜೆ

ಉಪವಾಸ ಬಿಟ್ಟು ಬರೆಯುತ್ತಿದ್ದೇನೆ. ಮಗುವಿನ ನಲವತ್ತನೇ ದಿನ ಇವತ್ತು. ಇಳಿಹೊತ್ತಿನ ಅಸರ್ ನಮಾಜಿಗೆ ಮುಂಚೆಯೇ ಹೋಗಿದ್ದೆ, ಅಡುಗೆಗೆ ಕೈ ಜೋಡಿಸಲು.

ಸುಮಿಯಾತಿಯ ಬಲಗೈಗೆ ಪಟ್ಟಿ ಸುತ್ತಿತ್ತು. ಗಾಯ ಏನೂ ಇಲ್ಲ. ಪರ್ವೊತೊ ಹಿತ್ತಲಿಗೆ ಕರೆದು ಹೇಳಿದ. ನಲವತ್ತು ದಿನದಿಂದ ಅನ್ನ ಎಡಗೈಯಲ್ಲೇ. ಬಜ್ಜಿ ಅಂಗಡಿ ಹಾಕಿಲ್ಲ. ಚಿಕ್ಕ ಮಗನನ್ನು ಎತ್ತಿಕೊಳ್ಳುವುದಿಲ್ಲ, ತಲೆ ಬಾಚುವುದಿಲ್ಲ. ಮಗು ಹತ್ತಿರ ಬಂದರೆ ಕೈ ಬೆನ್ನ ಹಿಂದೆ ಮಾಡುತ್ತಾಳೆ. ಹೋದ ವಾರ ಆ ಕೈಯನ್ನು ಒಲೆ ಮೇಲೆ ಹಿಡಿದಿದ್ದಳಂತೆ. ಇವನು ನೋಡಿ ಎಳೆದನಂತೆ.

"ಮೂರು ವರ್ಷದ ಹುಡುಗ ಬು. ಅವ್ವನ ಕೈಗೆ ಏನಾಗಿದೆ ಅಂತ ಕೇಳ್ತಾನೆ. ಏನಂತ ಹೇಳ್ಲಿ?"

ಒಳಗೆ ಬಂದೆ. ಸುಮಿಯಾತಿ ಎಡಗೈಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಳು. ತುರಿಯೆಲ್ಲ ಚೆಲ್ಲುತ್ತಿತ್ತು. ನಾನು ತುರಿಮಣೆ ಕಸಿದುಕೊಂಡೆ. "ಕೊಡೇ ಇಲ್ಲಿ" ಅಂದೆ. ಅಷ್ಟೇ ಆಯಿತು ನನ್ನಿಂದ. ಎದುರಿಗೆ ಹೇಳಲು ಬಾಯಿ ಬರಲಿಲ್ಲ. ಹೊಲಿದ ಬಾಯಿ ಇದು.

ಪ್ರಾರ್ಥನೆಗೆ ನಿಲ್ಲದೆ ಮನೆಗೆ ಬಂದೆ. ಟೈಪ್ ಮಾಡಿದ ಹಾಳೆಯ ಹಿಂಬದಿಗೇ ಬರೆದೆ, ಡಾಕ್ಟರ ಪೆನ್ನಿನಲ್ಲಿ. ನಾನು ವಾರ್ಸಿನಿ, ಹೊಲಿಸಿಕೊಂಡವಳು, ತೊಳೆಯುವವಳು. ಆವಿಗೆ ಇಟ್ಟದ್ದು ನಾನು. ಮತ್ತೆ ಬಳಸಲು ಹೇಳಿದ್ದು ಡಾಕ್ಟರು, ಬಡವರಿಗೆ ಸಾಲಲಿ ಅಂತ. ತಿರುಪಿನ ತಡೆ ನನ್ನಿಂದ ಹೋಗಿತ್ತು. ತಾಯಿ ದಿನಕ್ಕೆ ಒಂದೇ ಸಲ ತಿರುಗಿಸಿದ್ದಾಳೆ. ಸದ್ದು ಒಂದೇ ಬರುತ್ತದೆ, ನಾನು ಕಿವಿಯಾರೆ ಕೇಳಿದ್ದೇನೆ. ಕರಗಿದ ಉಂಗುರ ಜೊತೆಗಿದೆ.

ತಪ್ಪಕ್ಷರ ಇರಬಹುದು. ತಿದ್ದಲಿಲ್ಲ.

ಆಸ್ಪತ್ರೆಯ ಟಪಾಲು ಡಬ್ಬಿಗೆ ಹಾಕುವಂತಿಲ್ಲ. ನಾನೇ ಅಂಚೆಗೆ ಒಯ್ದರೆ ದಾರಿಯಲ್ಲಿ ಆಸ್ಪತ್ರೆ ಸಿಗುತ್ತದೆ, ಡಾಕ್ಟರು ಬಾಗಿಲಲ್ಲಿ ನಿಂತಿರುತ್ತಾರೆ, ಬು ಅನ್ನುತ್ತಾರೆ. ನನ್ನನ್ನು ನಾನು ಬಲ್ಲೆ.

ಪರ್ವೊತೊಗೆ ಫೋನಿನಲ್ಲಿ ಹೀಗೆ ಬರೆದು ಕಳಿಸುತ್ತಿದ್ದೇನೆ —

ತಮ್ಮಾ, ನಾಳೆ ಬೆಳಗಿನ ನಮಾಜ್ ಆದ ಕೂಡಲೇ ಬಂದು ನನ್ನ ಉತ್ತರ ತಗೊಂಡು ಹೋಗು. ಬಾಗಿಲ ಪಕ್ಕ ಅಕ್ಕಿ ಡಬ್ಬದ ಮೇಲಿರುತ್ತೆ, ನನ್ನನ್ನ ಕರೀಬೇಡ. ಮಂಡಳಿಗೆ ಕಳಿಸೋಕೆ ಮುಂಚೆ ಅಕ್ಕನಿಗೆ ಓದಿ ಹೇಳು, ಎರಡು ಸಲ. ಆಮೇಲೆ ಆ ಪಟ್ಟಿ ಬಿಚ್ಚಿ ಕಾಗದ ಅವಳ ಬಲಗೈಗೇ ಕೊಡು. ಅಂಚೆಗೆ ಹಾಕೋದು ಆ ಕೈಯೇ ಆಗ್ಲಿ.